ಬೆಂಚಿನ ಮೇಲೆ ವ್ಯಾಕ್ಯೂಮ್ ಹಿಡಿತ: ಕ್ಲೀನರ್, ವೆಂಚುರಿ, ಪಂಪ್

ಬೆಂಚಿನ ಮೇಲೆ ಒಂದು ತಳದ ಹಲಗೆ ಹಾಕಿ, ಅದರ ತೂತಿಗೆ ಪೈಪ್ ಕೊಟ್ಟು ಗಾಳಿ ಎಳೆದರೆ, ಮೇಲಿಟ್ಟ ಮರದ ತುಂಡು ಬಿಗಿಯುವ ಕ್ಲಾಂಪ್ ಇಲ್ಲದೆಯೇ ಅಲ್ಲಾಡದೆ ಕೂರುತ್ತದೆ. ಆ ಗಾಳಿ ಎಳೆಯಲು ಯಾವ ಯಂತ್ರ ವಾಸಿ ಅನ್ನುವುದು ಇಲ್ಲಿನ ವಿಷಯ. ಮೊದಲೇ ಹೇಳಿಬಿಡುತ್ತೇನೆ. ನನ್ನ ಬೆಂಚಿನ ಕೆಳಗೆ ಈಗ ಕೂತಿರುವುದು ಎಣ್ಣೆ ಬೇಡದ ಪಿಸ್ಟನ್ ಪಂಪ್. ಅದನ್ನು ತೆಗೆಯುವ ಯೋಚನೆ ಇಲ್ಲ. ವ್ಯಾಕ್ಯೂಮ್ ಕ್ಲೀನರ್, ಕಂಪ್ರೆಸರ್‌ಗೆ ಸಿಕ್ಕಿಸುವ ವೆಂಚುರಿ (ಒಳಗೆ ರಭಸದಿಂದ ಹಾಯುವ ಗಾಳಿಯ ಜೊತೆಗೆ ಪಕ್ಕದ ಗಾಳಿಯನ್ನೂ ಎಳೆಯುವ ತುಂಡು), ಎರಡನ್ನೂ ಸಾಕಷ್ಟು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಪಕ್ಷಪಾತ ಇದ್ದೇ ಇದೆ.

ವ್ಯಾಕ್ಯೂಮ್ ಯಾಕೆ ಬೇಕು ಅನ್ನುವುದು ರೌಟರ್ (ಮರದ ಅಂಚು ಕೊರೆದು ತಿದ್ದುವ ಯಂತ್ರ) ಹಿಡಿದವರಿಗೆ ಗೊತ್ತು. ಹಲಗೆಯ ನಾಲ್ಕೂ ಅಂಚು ತಿದ್ದಬೇಕು, ಆದರೆ ಎರಡು ಅಂಚಿನಲ್ಲಿ ಕ್ಲಾಂಪ್ ಕೂತಿರುತ್ತದೆ. ಅರ್ಧ ಓಡಿಸಿ ನಿಲ್ಲಿಸಬೇಕು, ಕ್ಲಾಂಪ್ ಬಿಚ್ಚಬೇಕು, ಜರುಗಿಸಬೇಕು, ಮತ್ತೆ ಬಿಗಿಯಬೇಕು. ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಕೈಯಲ್ಲಿದ್ದರೂ ಇದೇ ಗೋಳು. ಕೆಳಗಿನಿಂದ ಹಿಡಿದರೆ ಮೇಲ್ಭಾಗ ಪೂರ್ತಿ ಖಾಲಿ ಸಿಗುತ್ತದೆ.

ಹಿಡಿತದ ಲೆಕ್ಕ ಸುಲಭ. ಪಂಪ್ ಹಲಗೆಯನ್ನು ಎಳೆಯುವುದಿಲ್ಲ, ಮೇಲಿನ ಗಾಳಿ ಒತ್ತುತ್ತದೆ. ಸಮುದ್ರ ಮಟ್ಟದಲ್ಲಿ ಆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. ಅದೇ ಅಂದಾಜು 100 ಕಿಲೋಪಾಸ್ಕಲ್. ಕೆಳಗಿನ ಒತ್ತಡ ಎಷ್ಟು ಇಳಿದಿದೆ ಎಂದು ಹೇಳುವ ಗೇಜ್ 80 ಕಿಲೋಪಾಸ್ಕಲ್ ತೋರಿಸಿದರೆ ಸುಮಾರು 0.8 ಕೆಜಿ ಕೈಗೆ ಸಿಕ್ಕಂತೆ. 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಜಾಗಕ್ಕೆ ಅದು 480 ಕೆಜಿ ಆಗುತ್ತದೆ. ಕ್ಲೀನರ್ ಕೊಡುವುದು ಅಂದಾಜು 20 ಕಿಲೋಪಾಸ್ಕಲ್, ಅಂದರೆ ಅದೇ ಜಾಗಕ್ಕೆ 120 ಕೆಜಿ. ಸ್ಯಾಂಡರ್ ಕೆಲಸಕ್ಕೆ ಅದೇ ಧಾರಾಳ. ಆದರೆ ಇದೆಲ್ಲ ಕೆಳಮುಖದ ಒತ್ತಡ. ರೌಟರ್ ತಳ್ಳುವುದು ಪಕ್ಕಕ್ಕೆ. ಅಲ್ಲಿ ತಡೆಯುವುದು ಮರ ಮತ್ತು ತಳದ ನಡುವಿನ ಉಜ್ಜಾಟ ಮಾತ್ರ, ಅದು ಆ ಒತ್ತಡದ ಅರ್ಧಕ್ಕಿಂತ ಕಡಿಮೆಯೂ ಇರಬಹುದು. ಹಾಗಾಗಿ 8 ಸೆಂ.ಮೀ. ಚೌಕದ ಸಣ್ಣ ತುಂಡಿಗೆ ಕ್ಲೀನರ್ ಸಾಲುವುದಿಲ್ಲ. ಒತ್ತಡ ಬರೀ 13 ಕೆಜಿ, ರೌಟರ್ ಒಮ್ಮೆ ಕಚ್ಚಿ ಎಳೆದರೆ ತುಂಡು ಗೋಡೆಗೆ ಹೋಗುತ್ತದೆ. ಪಂಪ್ ಇದ್ದರೂ ಅಷ್ಟು ಸಣ್ಣದನ್ನು ನಾನು ವ್ಯಾಕ್ಯೂಮಿಗೆ ನಂಬಿ ಬಿಡುವುದಿಲ್ಲ.

ಇಷ್ಟು ಕಾಗದದ ಮೇಲಿನ ಲೆಕ್ಕ. ಬೆಂಚಿನ ಮೇಲೆ ಇದನ್ನೆಲ್ಲ ಕೆಡಿಸುವುದು ಸೋರಿಕೆ. ಮೂರರಲ್ಲಿ ಯಾವುದು ವಾಸಿ ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದೂ ಅಲ್ಲೇ.

ಮರ ಗಟ್ಟಿ ವಸ್ತು, ಅದರೊಳಗೆ ಗಾಳಿ ಹೇಗೆ ಹೋದೀತು ಅನ್ನಿಸುತ್ತದೆ ಅಲ್ವಾ? ರೆಡ್ ಓಕ್ ತುಂಡಿನ ಒಂದು ತುದಿಯನ್ನು ನೀರಿಗೆ ಇಟ್ಟು ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಬರುತ್ತದೆ. ಅದರ ನಾಳಗಳು ಅಷ್ಟು ಖಾಲಿ. ವೈಟ್ ಓಕ್‌ನಲ್ಲಿ ಅವು ಒಳಗೇ ಮುಚ್ಚಿಕೊಂಡಿರುತ್ತವೆ, ಅದಕ್ಕೇ ಪೀಪಾಯಿ ಮಾಡಲು ಅದನ್ನು ಬಳಸುವುದು. ಪ್ಲೈವುಡ್ಡಿನ ಮೇಲ್ಮೈ ಪರವಾಗಿಲ್ಲ, ಪದರಗಳ ನಡುವಿನ ಸಂದಿಯಿಂದ ಅಂಚಿನಲ್ಲಿ ಗಾಳಿ ನುಗ್ಗುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಅಂತೂ ಜರಡಿ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆತ ಯಂತ್ರ) ಮೇಜುಗಳಲ್ಲಿ ಬೇಕೆಂದೇ ಅದನ್ನು ಮೇಲೆ ಹಾಸಿ, ಅದರ ಮೂಲಕವೇ ಗಾಳಿ ಎಳೆದು ಕೆಲಸ ಮಾಡುತ್ತಾರೆ.

ಈ ಸೋರಿಕೆಗೆ ಮೂರೂ ಬೇರೆ ಬೇರೆ ಥರ ವರ್ತಿಸುತ್ತವೆ. ಕ್ಲೀನರ್ ಆಳವಾಗಿ ಎಳೆಯುವುದಿಲ್ಲ, ಆದರೆ ರಾಶಿ ಗಾಳಿ ಎಳೆಯುತ್ತದೆ. ಸ್ವಲ್ಪ ಸೋರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಂಡಿಎಫ್ ಹಾಳೆ ಹಿಡಿಯುವುದರಲ್ಲಿ ಅದು ನನ್ನ ಪಂಪನ್ನೂ ಸೋಲಿಸುತ್ತದೆ. ತಮಾಷೆ ಏನೆಂದರೆ, ಸೋರಿಕೆ ಪೂರ್ತಿ ನಿಂತಾಗಲೇ ಅದಕ್ಕೆ ಕಷ್ಟ. ಮನೆಯ ಸಾಮಾನ್ಯ ಕ್ಲೀನರಿನಲ್ಲಿ ಮೋಟರ್ ತಣ್ಣಗಾಗುವುದು ಒಳಗೆ ಹರಿಯುವ ಅದೇ ಗಾಳಿಯಿಂದ. ಬಾಯಿ ಮುಚ್ಚಿ ಓಡಿಸಿದರೆ ಸುಟ್ಟ ವಾಸನೆ ಶುರುವಾಗುತ್ತದೆ. ಮೋಟರಿಗೆ ಬೇರೆ ಗಾಳಿದಾರಿ ಇರುವ ವರ್ಕ್‌ಶಾಪ್ ಕ್ಲೀನರ್ ಆದರೆ ವಾಸಿ. ಸದ್ದು ಮಾತ್ರ ಎರಡರದ್ದೂ ತಲೆ ತಿನ್ನುತ್ತದೆ.

ವೆಂಚುರಿಯ ಮೇಲೆ ನನಗೆ ತುಂಬಾ ಆಸೆ ಇತ್ತು. ಕೈಯಗಲದ ಲೋಹದ ತುಂಡು, ಒಳಗೆ ಅಲುಗಾಡುವ ಭಾಗವೇ ಇಲ್ಲ, ಧೂಳಿಗೆ ಅಷ್ಟಾಗಿ ಹೆದರುವುದಿಲ್ಲ, ಬೆಲೆಯೂ ಮೂರರಲ್ಲಿ ಕಡಿಮೆ. ಕಂಪ್ರೆಸರ್ ಮನೆಯಲ್ಲಿ ಹೇಗೂ ಇತ್ತು. ಗೇಜ್ ಕ್ಷಣದಲ್ಲಿ 80 ದಾಟುತ್ತದೆ. ಆದರೆ ಅದು ಗಾಳಿ ಕುಡಿಯುವ ಪರಿ ನೋಡಬೇಕು. ನಿಮಿಷಕ್ಕೆ 60 ಲೀಟರ್ ಬೇಡುವ ವೆಂಚುರಿ ಎಂದುಕೊಳ್ಳಿ. 24 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 6ಕ್ಕೆ ಇಳಿಯುವಾಗ ಸಿಗುವುದು 48 ಲೀಟರ್ ಗಾಳಿ. ಒಂದು ನಿಮಿಷವೂ ಆಗುವ ಮೊದಲೇ ಕಂಪ್ರೆಸರ್ ಗುಡುಗಲು ಶುರು ಮಾಡುತ್ತದೆ.

ಇದಕ್ಕೆ ಮದ್ದು ಅಂತ ಮಾರುವುದು ತಾನೇ ನಿಲ್ಲುವ ವಾಲ್ವ್. ಬೇಕಾದಷ್ಟು ವ್ಯಾಕ್ಯೂಮ್ ಬಂದ ಕೂಡಲೇ ಗಾಳಿ ನಿಲ್ಲಿಸುತ್ತದೆ, ಇಳಿದರೆ ಮತ್ತೆ ಬಿಡುತ್ತದೆ. ಗಾಜಿನ ಹಾಳೆ ಇಟ್ಟು ನೋಡಿ, ಅದ್ಭುತ. ಮರ ಇಟ್ಟರೆ ಸೋರುತ್ತದೆ, ವಾಲ್ವ್ ಮತ್ತೆ ಮತ್ತೆ ತೆರೆಯುತ್ತದೆ, ಕಂಪ್ರೆಸರ್ ಹೆಚ್ಚೂಕಡಿಮೆ ಬಿಡುವಿಲ್ಲದೆ ಓಡುತ್ತದೆ. ಸಣ್ಣ ಕಂಪ್ರೆಸರುಗಳನ್ನು ಹಾಗೆ ಓಡಿಸಲು ಮಾಡಿರುವುದಿಲ್ಲ. ನಾನು ಕೆಲಸ ಮಾಡುವುದು ರಾತ್ರಿ ಊಟ ಆದ ಮೇಲೆ, ಪಕ್ಕದ ಕೋಣೆಯಲ್ಲಿ ಜನ ಮಲಗಿರುತ್ತಾರೆ. ನನ್ನ ಮಟ್ಟಿಗೆ ವೆಂಚುರಿಯ ಕಥೆ ಅಲ್ಲಿಗೆ ಮುಗಿಯಿತು.

ಎಸಿ ರಿಪೇರಿಯವರು ತರುವ, ಒಳಗೆ ಎಣ್ಣೆ ತುಂಬಿ ಓಡಿಸುವ ವ್ಯಾಕ್ಯೂಮ್ ಪಂಪಿನ ಬಗ್ಗೆಯೂ ಕೇಳುತ್ತಾರೆ. ಎಳೆತ ಬಹಳ ಆಳ. ಆದರೆ ಅದು ಮುಚ್ಚಿದ ಪೈಪಿನ ಕೆಲಸಕ್ಕೆ ಹುಟ್ಟಿದ್ದು. ಸೋರುವ ಮರ ಕೊಟ್ಟರೆ ಬಾಯಿಂದ ಎಣ್ಣೆ ಮಂಜು ಉಗುಳುತ್ತದೆ. ಪಾಲಿಶ್ ಹೊಡೆಯುವ ಕೋಣೆಯಲ್ಲಿ ಅದು ಬೇಡವೇ ಬೇಡ.

ಪಿಸ್ಟನ್ ಪಂಪ್ ಸೋರಿಕೆಯನ್ನು ಗೆಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಗಂಟೆಗಟ್ಟಲೆ ಗೊಣಗುತ್ತಾ ಓಡುವುದು ಅದರ ಸ್ವಭಾವ, ಅಷ್ಟೇ. ಸೋರುವ ಹಲಗೆ ಇಟ್ಟರೆ ಗೇಜ್ 80ರ ಬದಲು 55ಕ್ಕೆ ನಿಲ್ಲುತ್ತದೆ. ದೊಡ್ಡ ಹಲಗೆಗೆ ಅದೂ ಸಾಕು. ನನಗೆ ಬೇಕಿದ್ದದ್ದು ಇಷ್ಟೇ: ಸೋರಿಕೆ ಇದ್ದರೂ ಕೆಲಸ ನಡೆಯಬೇಕು, ಗಲಾಟೆ ಆಗಬಾರದು.

ಸೋರಿಕೆ ಕಡಿಮೆ ಮಾಡುವ ದಾರಿಗಳಿವೆ, ಯಾವ ಯಂತ್ರ ತಂದರೂ ಇವು ಬೇಕು. ಮೊದಲು ತಳದ ಹಲಗೆ. ಲ್ಯಾಮಿನೇಟ್ ಅಂಟಿಸಿದ ಎಂಡಿಎಫ್ ಸಾಕು. ಆದರೆ ಪೈಪಿಗೆ ಕೊರೆದ ತೂತಿನ ಒಳಗೋಡೆ ಬರಿಯ ಎಂಡಿಎಫ್ ಆಗಿರುತ್ತದೆ. ಮೇಲೆ ಕೆಳಗೆ ಎಷ್ಟೇ ಮುಚ್ಚಿದರೂ ಗಾಳಿ ಅಂಚಿನಿಂದ ಹೊಕ್ಕು ಈ ತೂತಿಗೆ ಬರುತ್ತದೆ. ಮೇಲ್ಮೈಯಲ್ಲಿ ತೋಡಿದ ಕಾಲುವೆಯೂ ಹಾಗೆಯೇ. ಎರಡಕ್ಕೂ ಅಂಟು ಸವರಿ ಒಣಗಿಸಬೇಕು. ಆ ಕಾಲುವೆಗೆ ಕೂರಿಸುವ, ಗಾಳಿ ತಡೆಯುವ ಸ್ಪಂಜ್ ಪಟ್ಟಿ ನೀರು ಹೀರದ ಜಾತಿಯದ್ದಾಗಿರಲಿ. ನೀರು ಹೀರಿದರೆ ಗಾಳಿಯನ್ನೂ ಬಿಡುತ್ತದೆ. ಪಟ್ಟಿ ಒಂದೆರಡು ಮಿಲಿಮೀಟರ್ ಮಾತ್ರ ಮೇಲೆ ಕಾಣಬೇಕು. ಎಳೆತ ಬಂದಾಗ ಪೂರ್ತಿ ಒಳಗೆ ಕುಗ್ಗಿ, ಕೆಲಸದ ತುಂಡು ತಳದ ಮೇಲೇ ಕೂರಬೇಕು. ತುಂಡು ಸ್ಪಂಜಿನ ಮೇಲೆ ತೇಲುತ್ತಿದ್ದರೆ ಎಷ್ಟೇ ಎಳೆತ ಇದ್ದರೂ ಅಲುಗಾಡುತ್ತದೆ.

ಆಮೇಲೆ ತುಂಡು. ಅದರ ಅಡಿಭಾಗಕ್ಕೆ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಗೇಜ್ ಚೆನ್ನಾಗಿ ಏರುತ್ತದೆ, ಆದರೆ ಟೇಪ್ ನುಣುಪು. ರೌಟರ್ ತಳ್ಳಿದಾಗ ಹಲಗೆ ಜಾರುತ್ತದೆ. ಟೇಪನ್ನು ಹಲಗೆಯ ಎರಡು ತುದಿಗೆ, ನಾಳಗಳು ತೆರೆದುಕೊಂಡಿರುವ ಕಡೆಗೆ ಅಂಟಿಸಿ. ಅರ್ಧ ಸೋರಿಕೆ ಅಲ್ಲೇ ನಿಲ್ಲುತ್ತದೆ. ಇಲ್ಲವೇ ಅಡಿಭಾಗಕ್ಕೆ ಸ್ಯಾಂಡಿಂಗ್ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹೊಡೆಯಿರಿ. ಸೋರುತ್ತಿರುವುದು ತಳವೋ ತುಂಡೋ ಗೊತ್ತಾಗದಿದ್ದರೆ ತುಂಡು ತೆಗೆದು ಒಂದು ಲ್ಯಾಮಿನೇಟ್ ಹಾಳೆ ಇಟ್ಟು, ಎಳೆತ ಬಂದ ಮೇಲೆ ಯಂತ್ರದ ಕಡೆಯ ವಾಲ್ವ್ ಮುಚ್ಚಿ. ಗೇಜ್ ಇಳಿಯದಿದ್ದರೆ ತಳ ಸರಿ ಇದೆ.

ಸೊಟ್ಟಗಾದ ಹಲಗೆಗೆ ಮೂರೂ ಬೇಡ. ವ್ಯಾಕ್ಯೂಮ್ ಅದನ್ನು ಒತ್ತಿ ಚಪ್ಪಟೆ ಮಾಡುತ್ತದೆ, ನೀವು ನೀಟಾಗಿ ಕೀಸುತ್ತೀರಿ, ಬಿಟ್ಟ ಕೂಡಲೇ ಮತ್ತೆ ಸೊಟ್ಟ. ಉಳಿ ಸುತ್ತಿಗೆಯ ಕೆಲಸಕ್ಕೂ ವೈಸ್ ಇರಲಿ.

ಪಂಪಿನ ಕೊರತೆಯನ್ನೂ ಹೇಳಬೇಕು. ಬೆಲೆ ಜಾಸ್ತಿ. ಧೂಳು ಒಳಗೆ ಹೋದರೆ ಸಾಯುತ್ತದೆ, ಫಿಲ್ಟರ್ ಇಲ್ಲದೆ ಓಡಿಸಲೇಬೇಡಿ. ಪೈಪಿನಲ್ಲಿ ವ್ಯಾಕ್ಯೂಮ್ ಉಳಿದಿರುವಾಗ ನಿಲ್ಲಿಸಿ ಮತ್ತೆ ಹಚ್ಚಿದರೆ ನನ್ನದು ಗುಂಯ್ ಅಂದು ನಿಂತುಬಿಡುತ್ತದೆ. ಮೊದಲು ಗಾಳಿ ಒಳಗೆ ಬಿಡಬೇಕು. ಕರೆಂಟ್ ಹೋದಾಗ ತುಂಡು ತಕ್ಷಣ ಸಡಿಲ ಆಗದಿರಲಿ ಅಂತ ಒಂದು ಸಣ್ಣ ಟ್ಯಾಂಕ್, ಅದರ ಮತ್ತು ಪಂಪಿನ ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್ ಹಾಕಿದ್ದೇನೆ. ರೌಟರ್ ಕೆಳಗಿಡಲು ಅಷ್ಟು ಹೊತ್ತು ಸಾಕು.

ವಾರಕ್ಕೊಮ್ಮೆ ಹಗಲಲ್ಲಿ ಕೆಲಸ ಮಾಡುವವರು, ದೊಡ್ಡ ಕಂಪ್ರೆಸರ್ ಈಗಾಗಲೇ ಇರುವವರು ಸುಮ್ನೆ ಪಂಪಿಗೆ ದುಡ್ಡು ಹಾಕಬೇಡಿ, ವೆಂಚುರಿ ತನ್ನಿ. ಬರೀ ಎಂಡಿಎಫ್ ಹಾಳೆ ಉಜ್ಜುವವರಿಗೆ ವರ್ಕ್‌ಶಾಪ್ ಕ್ಲೀನರೇ ಸರಿ. ಯಾವುದೇ ತಂದರೂ ಗೇಜನ್ನು ಬೆಂಚಿನ ಕೆಳಗೆ ಅಡಗಿಸಿಡಬೇಡಿ. ರೌಟರ್ ಹಿಡಿದಾಗ ತಲೆ ತಿರುಗಿಸದೆ ಕಾಣುವ ಕಡೆ ಹಾಕಿ.