ಅಂಟಿನ ಅಲ್ಯೂಮಿನಿಯಂ ಫಾಯಿಲ್: ಹಲವು ಮಾದರಿ ವಿಮಾನಗಳಿಗೆ ಹೊದಿಸಿದ ಮೇಲೆ

ಕೊಳ್ಳುವ ಮುನ್ನ ಒಂದು ಮಾತು ತಿಳಿದಿರಲಿ: ಮಾದರಿ ವಿಮಾನಕ್ಕೆ ಬರಿಯ ಲೋಹದ ನೋಟ ಕೊಡುವ ಈ ಫಾಯಿಲ್ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಹಿಂಬದಿಗೆ ಅಂಟು ಹಚ್ಚಿಕೊಂಡು ಮೇಣದ ಕಾಗದದ ಮೇಲೆ ಬರುವ ಈ ಹಾಳೆ ಎಷ್ಟು ತೆಳುವೆಂದರೆ, 400 ನಂಬರಿನ ಉಪ್ಪುಕಾಗದದ ಗೀರು, ಪುಟ್ಟಿಯ ಅಂಚು, ಅಡಿಯಲ್ಲಿ ಸಿಕ್ಕಿಕೊಂಡ ಕೂದಲೆಳೆ ಎಲ್ಲವೂ ಎದ್ದು ಕಾಣುತ್ತವೆ. ಜೋಡಣೆಯ ಗೆರೆಗಳನ್ನು 1000, ಆಮೇಲೆ 2000 ನಂಬರಿನವರೆಗೆ ನೀರು ಹಾಕಿ ಉಜ್ಜಿ, ಸೋಪು ನೀರಲ್ಲಿ ತೊಳೆದು ಒಣಗಿಸಿದ ಮೇಲೆಯೇ ಹಾಳೆ ಬಿಚ್ಚಿ. ಬೆರಳಿನ ಜಿಡ್ಡು ಉಳಿದ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ. ಪ್ರೈಮರ್ ಬೇಕೇಬೇಕೆಂದರೆ ಹೊಳಪಿನದನ್ನು ಬಳಸಿ, ಅದೂ ಪೂರ್ತಿ ಗಟ್ಟಿಯಾಗಲಿ.

ಕ್ರೋಮ್ ಹಾಳೆ ಕಾರಿನ ಬಂಪರಿಗೆ ಚೆನ್ನ. ವಿಮಾನದ ಮೈಗೆ ಮ್ಯಾಟ್ ಅಲ್ಯೂಮಿನಿಯಮ್ಮೇ ಸರಿ. ಎಷ್ಟು ಬೇಕು ಎಂಬ ಲೆಕ್ಕ ಹೀಗೆ: ಅಮೆರಿಕದ ಹಳೆಯ ಜೆಟ್ ಯುದ್ಧವಿಮಾನ ಎಫ್-86 ಸೇಬರ್‌ನ ರೆಕ್ಕೆಯ ವಿಸ್ತೀರ್ಣ ಸುಮಾರು 29 ಚದರ ಮೀಟರ್. 1/48 ಅಳತೆಯ ಮಾದರಿಗೆ ಇಳಿಸಿದರೆ ಮೇಲೆ, ಕೆಳಗೆ ಸೇರಿ 250 ಚದರ ಸೆಂಟಿಮೀಟರ್. 15×30 ಸೆಂ.ಮೀ. ಹಾಳೆಯೊಂದರಲ್ಲಿ 450 ಇದೆ, ಆದರೆ ಕತ್ತರಿಸಿ ಬಿಸಾಡುವ ಅಂಚೇ ಬಹಳ. ಇಡೀ ವಿಮಾನಕ್ಕೆ ಎರಡು ಹಾಳೆ, ಕೈ ತಪ್ಪಿದರೆ ಮೂರನೆಯದು.

ಒಂದು ಸಲಕ್ಕೆ ಒಂದೇ ಪ್ಯಾನಲ್, ಅಂದರೆ ಮೈಮೇಲೆ ಕೊರೆದ ಗೆರೆಗಳ ನಡುವಿನ ಒಂದು ತುಂಡು. ಸುತ್ತಲೂ 4–5 ಮಿ.ಮೀ. ಹೆಚ್ಚಿರುವಂತೆ ಹಾಳೆಯನ್ನು ಬ್ಲೇಡಿನಿಂದ ಹಗುರವಾಗಿ ಕೊಯ್ದು, ಮೂಲೆಯನ್ನು ಚಿಮುಟದಲ್ಲಿ ಹಿಡಿದು ನಿಧಾನ ಎಬ್ಬಿಸಿ. ಎಳೆದರೆ ಸುರುಳಿ ಸುತ್ತಿ ತನಗೆ ತಾನೇ ಅಂಟಿಕೊಳ್ಳುತ್ತದೆ. ಆಮೇಲೆ ಅದು ಕಸವೇ. ಮೈಮೇಲೆ ಇಳಿಸಿ, ನಡುವಿನಿಂದ ಅಂಚಿಗೆ ಮೊದಲು ಬೆರಳಿನಿಂದ, ನಂತರ ಇಯರ್‌ಬಡ್‌ನಿಂದ ಒತ್ತಿ. ಪ್ಯಾನಲ್ ಗೆರೆಯೊಳಗೆ ಫಾಯಿಲ್ ಇಳಿಸಲು ಟೂತ್‌ಪಿಕ್‌ನ ಮೊನೆಯನ್ನು ಸ್ವಲ್ಪ ಮೊಂಡು ಮಾಡಿಕೊಳ್ಳಿ, ಚೂಪಿದ್ದರೆ ಹರಿಯುತ್ತದೆ. ಗೆರೆ ಸ್ಪಷ್ಟವಾಗಿ ಮೂಡಿದ ಮೇಲೆ ಅದರೊಳಗೇ ಬ್ಲೇಡ್ ಓಡಿಸಿ, ಹೆಚ್ಚಾದದ್ದನ್ನು ಮಡಚಿ ಎತ್ತಿಬಿಡಿ. ಇಲ್ಲಿ ಜಿಪುಣತನ ಬೇಡ: ನಾಲ್ಕೈದು ಪ್ಯಾನಲ್ ಆಗುತ್ತಿದ್ದಂತೆ 11ನೇ ನಂಬರಿನ ಬ್ಲೇಡ್ ಬದಲಿಸಿ. ಮೊಂಡು ಬ್ಲೇಡ್ ಕೊಯ್ಯುವುದಿಲ್ಲ, ಫಾಯಿಲನ್ನು ಎಳೆದುಕೊಂಡು ಹೋಗುತ್ತದೆ. ಅಂಚು ಗರಗಸದ ಹಲ್ಲಿನಂತಾಗುತ್ತದೆ.

ಇದರ ನಿಜವಾದ ಸೊಗಸು ಇರುವುದು ಹಾಳೆಯ ಎಳೆಯಲ್ಲಿ. ರೋಲರಿನಲ್ಲಿ ಒತ್ತಿ ತೆಳುವಾಗಿಸಿದ ಲೋಹಕ್ಕೆ ಒಂದು ದಿಕ್ಕಿನ ನವಿರು ಗೆರೆಗಳಿರುತ್ತವೆ. ಪಕ್ಕದ ಪ್ಯಾನಲಿಗೆ ತುಂಡನ್ನು 90 ಡಿಗ್ರಿ ತಿರುಗಿಸಿ ಅಂಟಿಸಿದರೆ ಸಾಕು, ಬೆಳಕು ಬಿದ್ದಾಗ ಒಂದು ಕಪ್ಪಾಗಿ ಇನ್ನೊಂದು ಬೆಳ್ಳಗೆ ಕಾಣುತ್ತದೆ. ಮಾದರಿಯನ್ನು ತಿರುಗಿಸಿದರೆ ಅದಲುಬದಲು! ಬಣ್ಣದಲ್ಲಿ ಇದು ಸಿಗುವುದಿಲ್ಲ. ಎಕ್ಸಾಸ್ಟ್ ಸುತ್ತ ಇನ್ನೂ ಮಂಕು ಬೇಕಿದ್ದರೆ 0000 ನಂಬರಿನ ಸ್ಟೀಲ್ ವೂಲ್‌ನಿಂದ (ತೀರ ನವಿರಾದ ಉಕ್ಕಿನ ನಾರು) ಒಂದೇ ದಿಕ್ಕಿಗೆ ನಾಲ್ಕು ಸಲ ಸವರಿ.

ಸೋಲುವುದು ಎರಡು ಕಡೆ ಬಾಗಿದ ಜಾಗದಲ್ಲಿ: ಮೂತಿ, ರೆಕ್ಕೆ ಮೈಗೆ ಸೇರುವ ಮೂಲೆ, ಗಾಳಿ ಸೇದುವ ಬಾಯಿಯ ತುಟಿ. ಫಾಯಿಲ್ ಸ್ವಲ್ಪ ಹಿಗ್ಗುತ್ತದೆ, ಆಮೇಲೆ ಸುಕ್ಕಾಗುತ್ತದೆ. ಅಲ್ಲಿ ಕಿರಿದಾದ ಪಟ್ಟಿಗಳನ್ನೇ ಹಾಕಬೇಕು, ಇಲ್ಲವೇ ಆ ಭಾಗಕ್ಕೆ ಲೋಹದ ಬಣ್ಣ ಹೊಡೆದು ಬಿಡುವುದು ಜಾಣತನ. ಗುಳ್ಳೆ ಎದ್ದರೆ ಸೂಜಿ ಚುಚ್ಚಿ ಒತ್ತಿದರೆ ಕೂರುತ್ತದೆ. ಹಳೆಯ ಹಾಳೆಯದು ಬೇರೆ ಕಾಟ: ಅಂಟು ಒಣಗಿ ಕಾಗದ ಬಿಡುವುದೇ ಇಲ್ಲ, ಬಿಟ್ಟರೂ ಚೂರುಚೂರು. ಬೇಕಾದಷ್ಟೇ ಕೊಳ್ಳಿ, ಚಪ್ಪಟೆಯಾಗಿಯೇ ಇಡಿ.

ಅಂಚಿನಲ್ಲಿ ಉಳಿದ ಅಂಟಿಗೆ ಲೈಟರ್ ಫ್ಲೂಯಿಡ್ ಅದ್ದಿದ ಇಯರ್‌ಬಡ್ ಸಾಕು. ಕೆಳಗೆ ಎನಾಮಲ್ ಬಣ್ಣವಿದ್ದರೆ ಮೊದಲು ಕಾಣದ ಕಡೆ ಪರೀಕ್ಷಿಸಿ. ಬಣ್ಣ ಹೊಡೆಯುವಾಗ ಪಕ್ಕದ ಜಾಗ ಮುಚ್ಚುವ ಮಾಸ್ಕಿಂಗ್ ಟೇಪನ್ನು ಫಾಯಿಲ್ ಮೇಲೆ ನೇರ ಹಾಕಿದರೆ ಟೇಪಿನ ಜೊತೆ ಫಾಯಿಲೂ ಎದ್ದು ಬರುತ್ತದೆ. ಆದ್ದರಿಂದ ಕಾಕ್‌ಪಿಟ್ ಮುಂದಿನ ಮಂಕು ಪಟ್ಟಿ, ಬಾಲದ ಬಣ್ಣ ಎಲ್ಲ ಮೊದಲು, ಫಾಯಿಲ್ ಕೊನೆಗೆ. ಮೇಲೆ ಕ್ಲಿಯರ್ ವಾರ್ನಿಷ್ ಬೇಡ, ಲೋಹದ ಹೊಳಪೇ ಸತ್ತುಹೋಗುತ್ತದೆ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಫಾಯಿಲ್ ಮೇಲೆ ನೇರವಾಗಿಯೇ ಕೂರುತ್ತದೆ.

ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಪಿ-51 ಮಸ್ಟಾಂಗ್ ಮಾಡುವವರು ರೆಕ್ಕೆಗೂ ಫಾಯಿಲ್ ಹೊದಿಸಿ ಹಾಳೆ ದಂಡ ಮಾಡಬೇಡಿ. ಗಾಳಿ ನುಣುಪಾಗಿ ಹರಿಯಲೆಂದು ಕಾರ್ಖಾನೆಯಲ್ಲೇ ಅದರ ರೆಕ್ಕೆಯ ರಿವೆಟ್‌ಗಳಿಗೆ ಪುಟ್ಟಿ ತುಂಬಿ, ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಬರಿಯ ಲೋಹ ಇದ್ದದ್ದು ಮೈಗೆ. ಅಲ್ಲಿಗೆ ಫಾಯಿಲ್, ರೆಕ್ಕೆಗೆ ಬಣ್ಣ; ಒಂದೇ ಹಾಳೆಯಲ್ಲಿ ಮುಗಿಯುತ್ತದೆ.