‘30 ದಿನದಲ್ಲಿ ನಿರರ್ಗಳ ಸ್ಪ್ಯಾನಿಷ್’ ಕೋರ್ಸಿಗೆ ದುಡ್ಡು ಕಟ್ಟೋ ಮೊದಲು ಇದನ್ನು ಓದಿ

‘ಪ್ರವಾಸಕ್ಕೆ ಹೊರಟಿದ್ದೀರಾ? 30 ದಿನದಲ್ಲಿ ನಿರರ್ಗಳ ಸ್ಪ್ಯಾನಿಷ್. ಕನ್ನಡದಲ್ಲೇ ನೋಟ್ಸ್. ಅಲ್ಲಿನವರೇ ಶಿಕ್ಷಕರು, ಒಬ್ಬೊಬ್ಬರಿಗೂ ಪ್ರತ್ಯೇಕ ಕ್ಲಾಸ್. ಇಷ್ಟವಾಗದಿದ್ದರೆ 7 ದಿನದೊಳಗೆ ಪೂರ್ತಿ ಹಣ ವಾಪಸ್.’ ಇಂಥ ಜಾಹೀರಾತು ಕಂಡರೆ ಕಟ್ಟಬೇಡಿ. ಯಾವ ಹೆಸರಿನಲ್ಲಿ ಬಂದರೂ ಕಟ್ಟಬೇಡಿ. ಹೆಸರು ಬದಲಾಯಿಸಿಕೊಂಡು ಬರೋದು ಇವರಿಗೆ ದೊಡ್ಡ ಕೆಲಸವೇನಲ್ಲ.

ಮೊದಲು ಆ 7 ದಿನದ ಕಥೆ, ಯಾಕೆಂದರೆ ಹೊಟ್ಟೆ ಉರಿಯೋದು ಅಲ್ಲೇ. ಏಳು ದಿನ ಅಂದರೆ ಮೊದಲ ಕ್ಲಾಸಿನಿಂದ ಏಳು ದಿನ ಅಂತ ಯಾರಾದರೂ ತಿಳಿಯುತ್ತಾರೆ. ಅಲ್ಲ. ಹಣ ಕಟ್ಟಿದ ಗಳಿಗೆಯಿಂದ ಏಳು ದಿನ. ಮೊದಲ ಕ್ಲಾಸ್ ಇಟ್ಟಿದ್ದು ಒಂಬತ್ತನೇ ದಿನ! ಅಷ್ಟರಲ್ಲಿ ‘ಸ್ವಾಗತ ಕಿಟ್’ ಅಂತ ಒಂದು ಲಿಂಕ್ ಬರುತ್ತೆ. ಅದನ್ನು ಒತ್ತಿದರೆ ‘ಪಾಠದ ಸಾಮಗ್ರಿ ಬಳಸಿದ್ದೀರಿ, ಆದ್ದರಿಂದ ಹಣ ವಾಪಸಿಗೆ ಅರ್ಹರಲ್ಲ’. ಎರಡು ಕಡೆಯಿಂದಲೂ ಬಾಗಿಲು ಹಾಕಿದ ಹಾಗೆ. ಇದು ಗೊತ್ತಾದದ್ದು ವಾಪಸ್ ಕೇಳಿದ ದಿನವೇ. ಅವರ ಉತ್ತರ ಹೀಗಿತ್ತು: ‘ನಿಯಮಗಳು ಸ್ಪಷ್ಟವಾಗಿವೆ, ದಯವಿಟ್ಟು ಓದಿ.’ ನಿಯಮ ಇದ್ದದ್ದು ಹಣ ಕಟ್ಟಿದ ಮೇಲೆ ತೆರೆಯೋ ಪುಟದಲ್ಲಿ.

ಡೆಮೊ ಕ್ಲಾಸ್ ಮಾಡಿದ ಶಿಕ್ಷಕಿ ಮಾತ್ರ ನಿಜಕ್ಕೂ ಚೆನ್ನಾಗಿದ್ದರು. ಮೆಕ್ಸಿಕೊದವರು. ನಿಧಾನಕ್ಕೆ ಮಾತಾಡಿದರು, ತಪ್ಪು ಉಚ್ಚಾರ ತಿದ್ದಿದರು, ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿದರು. ಹಣ ಕಟ್ಟಿದ ಮೇಲೆ ಅವರ ಮುಖ ಮತ್ತೆ ಕಾಣಲಿಲ್ಲ. ಒಂಬತ್ತನೇ ದಿನ ಪರದೆ ಮೇಲೆ ಬಂದದ್ದು ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ, ಪಕ್ಕದಲ್ಲಿ ನಲವತ್ತಕ್ಕೂ ಹೆಚ್ಚು ಹೆಸರುಗಳ ಪಟ್ಟಿ. ಎಲ್ಲರಿಗೂ ಮೈಕ್ ಬಂದ್. ‘ಒಬ್ಬೊಬ್ಬರಿಗೂ ಪ್ರತ್ಯೇಕ ಅಂದಿದ್ರಲ್ಲ?’ ಅಂತ ಕೇಳಿದರೆ: ‘ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇದೆ ಸರ್.’ ಪ್ರತ್ಯೇಕ ಲಾಗಿನ್! ಕಿವಿಗೆ ಹೂ ಇಡೋದು ಅಂದರೆ ಇದೇ.

ಸರಿ, ಪಾಠವಾದರೂ ಸರಿ ಇದ್ದಿದ್ದರೆ ಇಷ್ಟು ಬರೆಯೋ ಅಗತ್ಯ ಇರಲಿಲ್ಲ. ಸೇರುವಾಗ ಫಾರ್ಮಿನಲ್ಲಿ ‘ಯಾವ ದೇಶ’ ಅಂತ ಒಂದು ಕಾಲಂ ಇತ್ತು, ಮೆಕ್ಸಿಕೊ ಅಂತ ತುಂಬಿದ್ದೂ ಆಗಿತ್ತು. ಬಂದದ್ದು ಸ್ಪೇನಿನ ಪಾಠ. ಮೊದಲ ವಾರ ಪೂರ್ತಿ ‘ಬೊಸೋತ್ರೊಸ್’ ರೂಪಗಳನ್ನು ಬಾಯಿಪಾಠ ಮಾಡಿಸಿದರು. ‘ನೀವೆಲ್ಲ’ ಅಂತ ಸಲುಗೆಯಿಂದ ಹೇಳೋ ಆ ರೂಪ ಸ್ಪೇನಿನಲ್ಲಿ ಬಳಕೆಯಲ್ಲಿದೆ, ಲ್ಯಾಟಿನ್ ಅಮೆರಿಕದ ದಿನದ ಮಾತಿನಲ್ಲಿ ಇಲ್ಲವೇ ಇಲ್ಲ, ಅಲ್ಲಿ ‘ಉಸ್ತೇದೆಸ್’ ಒಂದೇ ಸಾಕು. ಹಣ್ಣಿನ ರಸಕ್ಕೆ ‘ಸೂಮೊ’, ಮೊಬೈಲಿಗೆ ‘ಮೋಬಿಲ್’, ಟಿಕೆಟಿಗೆ ‘ಬಿಯೇತೆ’ ಅಂತ ಕಲಿಸಿದರು. ಮೆಕ್ಸಿಕೊದಲ್ಲಿ ಬೇಕಾದದ್ದು ಹೂಗೊ, ಸೆಲುಲಾರ್, ಬೊಲೇತೊ. ಊರೊಳಗಿನ ಬಸ್ಸಿಗೆ ಅಲ್ಲಿ ಕಮ್ಯೋನ್ ಅನ್ನುತ್ತಾರೆ, ನೋಟ್ಸಿನಲ್ಲಿ ಅದಕ್ಕೆ ‘ಲಾರಿ’ ಅಂತ ಅರ್ಥ ಕೊಟ್ಟು ಕೈ ತೊಳೆದುಕೊಂಡಿದ್ದಾರೆ.

ಇಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದು, ಸ್ಪೇನಿನ ಪದ ಹೇಳಿದರೂ ಮೆಕ್ಸಿಕೊದವರು ಊಹಿಸಿಕೊಳ್ಳುತ್ತಾರೆ. ಆದರೆ ನೋಟ್ಸಿನ ಊಟದ ಪುಟದಲ್ಲಿ ‘ಮಂತೇಕಾ ಎಂದರೆ ಬೆಣ್ಣೆ’ ಅಂತ ಇದೆ. ಅರ್ಜೆಂಟೀನಾದಲ್ಲಿ ಸರಿ. ಮೆಕ್ಸಿಕೊದಲ್ಲಿ ಮಂತೇಕಾ ಅಂದರೆ ಹಂದಿ ಕೊಬ್ಬು, ಬೆಣ್ಣೆಗೆ ಮಂತೆಕೀಯಾ. ಅಲ್ಲಿ ಫ್ರಿಹೋಲೆಸ್ ಅನ್ನೋ ಬೇಯಿಸಿದ ಕಾಳನ್ನು ಎಷ್ಟೋ ಕಡೆ ಮಂತೇಕಾದಲ್ಲೇ ಮಾಡುತ್ತಾರೆ. ಮಾಂಸ ತಿನ್ನದವರು ಈ ನೋಟ್ಸ್ ನಂಬಿ ‘ಮಂತೇಕಾ ಪರವಾಗಿಲ್ಲ’ ಅಂದರೆ ಏನಾಗುತ್ತೆ ಅಂತ ಇವರಿಗೆ ಯೋಚನೆಯೇ ಬೇಡವೇ? ಅದೇ ಪುಟದಲ್ಲಿ ಕಡಲೆಕಾಯಿಗೆ ‘ಮನೀ’ ಅಂತ ಮಾತ್ರ ಇದೆ. ದಕ್ಷಿಣ ಅಮೆರಿಕದ ಪದ ಅದು, ಮೆಕ್ಸಿಕೊದಲ್ಲಿ ಕಕವಾತೆ. ಅಲರ್ಜಿ ಇರೋರಿಗೆ ಇದು ಜೀವದ ಪ್ರಶ್ನೆ. ಇದನ್ನು ಬರೆದು ಕಳಿಸಿದ್ದಕ್ಕೆ ಬಂದ ಉತ್ತರ: ‘ಸ್ಪ್ಯಾನಿಷ್ ಎಲ್ಲ ಕಡೆ ಒಂದೇ ಸರ್, ಸಣ್ಣ ಪುಟ್ಟ ವ್ಯತ್ಯಾಸ ಇರುತ್ತೆ, ಎಂಜಾಯ್ ಮಾಡಿ.’

ಎಂಜಾಯ್ ಮಾಡಿ. ಹಂದಿ ಕೊಬ್ಬಿಗೆ ಬೆಣ್ಣೆ ಅಂತ ಬರೆದು, ಎಂಜಾಯ್ ಮಾಡಿ.

ಇನ್ನು ಕನ್ನಡ ಲಿಪಿಯ ಉಚ್ಚಾರ. ಬರೆದವರಿಗೆ ಸ್ಪ್ಯಾನಿಷ್ ಬರೋದಿಲ್ಲ, ಇಂಗ್ಲಿಷ್ ಓದೋ ಹಾಗೆ ಓದಿ ಕನ್ನಡಕ್ಕೆ ಇಳಿಸಿದ್ದಾರೆ ಅನ್ನೋದು ಮೊದಲ ಪುಟದಲ್ಲೇ ಗೊತ್ತಾಗುತ್ತೆ. ಕೋಳಿಗೆ ‘ಪೊಲ್ಲೊ’, ಚೀಸಿಗೆ ‘ಕ್ವೆಸೊ’, ಹಂದಿ ತೊಡೆ ಮಾಂಸಕ್ಕೆ ‘ಜಮೋನ್’. ಸರಿಯಾದದ್ದು ಪೋಯೊ, ಕೇಸೊ, ಹಮೋನ್. ‘ಎಲ್ಲಿದೆ’ ಅನ್ನೋದಕ್ಕೆ ‘ಡೋಂಡೆ ಎಸ್ಟಾ’ ಅಂತ ಉದ್ದಕ್ಕೂ ಟ, ಡ ಹಾಕಿದ್ದಾರೆ. ಸ್ಪ್ಯಾನಿಷಿನವು ಹಲ್ಲಿಗೆ ತಾಗೋ ತ, ದ. ನಮ್ಮ ನಾಲಿಗೆಗೆ ಹುಟ್ಟಿನಿಂದ ಬಂದ ಅಕ್ಷರಗಳನ್ನೇ ಕೆಡಿಸಿ ಕೊಟ್ಟಿದ್ದಾರಲ್ಲ, ಅದಕ್ಕೆ ಬೇರೆ ದುಡ್ಡು.

‘ಮೆ ಗುಸ್ತಾ’ ವಿಷಯವೂ ಅದೇ. ಅದು ಅಕ್ಷರಶಃ ನಮ್ಮ ‘ನನಗೆ ಇಷ್ಟ’. ‘ಮೆ ದ್ವೇಲೆ ಲಾ ಕಬೇಸಾ’ ಅಂದರೆ ‘ನನಗೆ ತಲೆ ನೋಯುತ್ತೆ’, ಅದೇ ಅಚ್ಚು. ಕನ್ನಡದವರಿಗೆ ಐದು ನಿಮಿಷದ ಪಾಠ. ಇವರು ‘ಮೆ ಎಂದರೆ ನಾನು, ಗುಸ್ತಾ ಎಂದರೆ ಇಷ್ಟಪಡು’ ಅಂತ ಬಿಡಿಸಿ, ಅಭ್ಯಾಸದ ಉತ್ತರದಲ್ಲಿ ‘ಯೊ ಗುಸ್ತೊ ಕಫೇ’ ಅಂತ ತಪ್ಪನ್ನೇ ಸರಿ ಅಂತ ಕೊಟ್ಟಿದ್ದಾರೆ. ‘ಕನ್ನಡದಲ್ಲೇ ಕಲಿಸುತ್ತೇವೆ’ ಅಂದವರು ಕನ್ನಡದಿಂದ ಸಿಗೋ ಒಂದೇ ಒಂದು ಅನುಕೂಲವನ್ನೂ ಬಳಸಿಲ್ಲ.

‘ನಿರರ್ಗಳ’ ಅನ್ನೋ ಮಾತಿಗೆ ಬರೋಣ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಸ್ಪ್ಯಾನಿಷ್ ಕಲಿಸಲು ಇಟ್ಟುಕೊಂಡಿರೋ ಅಂದಾಜು 24ರಿಂದ 30 ವಾರ, ಅದೂ ಅದೇ ಕೆಲಸವಾಗಿ ದಿನವಿಡೀ ಕೂತವರಿಗೆ. ಇವರದು ದಿನಕ್ಕೆ 40 ನಿಮಿಷ, 30 ದಿನ. ಒಟ್ಟು 20 ಗಂಟೆ. ಯಾರ ಮೂಗಿಗೆ ತುಪ್ಪ ಸವರುತ್ತಿದ್ದಾರೆ? ಇನ್ನೂ ಬೇಸರದ ವಿಷಯ ಏನೆಂದರೆ, ಪ್ರವಾಸಕ್ಕೆ 20 ಗಂಟೆ ನಿಜಕ್ಕೂ ಸಾಕು. ಊಟ ಹೇಳೋಕೆ, ಬೆಲೆ ಕೇಳೋಕೆ, ದಾರಿ ಕೇಳೋಕೆ, ರೂಮಿನಲ್ಲಿ ನೀರು ಬರುತ್ತಿಲ್ಲ ಅನ್ನೋಕೆ. ಕ್ರಿಯಾಪದದ ಆರು ರೂಪ ಬೇಡ, ‘ನಾನು’ ಮತ್ತು ‘ಉಸ್ತೇದ್’ (ಒಬ್ಬರಿಗೆ ಮರ್ಯಾದೆಯಿಂದ ‘ನೀವು’) ಎರಡು ರೂಪ ಸಾಕು: ‘ಬೇಕು’ ಅನ್ನೋಕೆ ಕ್ಯೇರೊ, ಕ್ಯೇರೆ, ‘ನನ್ನ ಹತ್ತಿರ ಇದೆ, ನಿಮ್ಮ ಹತ್ತಿರ ಇದೆ’ ಅನ್ನೋಕೆ ತೇಂಗೊ, ತ್ಯೇನೆ, ‘ಆಗುತ್ತೆ’ ಅನ್ನೋಕೆ ಪ್ವೇದೊ, ಪ್ವೇದೆ. ಜೊತೆಗೆ ‘ಇದೆಯಾ’ ಅಂತ ಕೇಳೋಕೆ ಆಯ್. ಆ 20 ಗಂಟೆಯನ್ನು ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು, ಬೊಸೋತ್ರೊಸ್ ಅಂತ ಹಾಳು ಮಾಡಿದರು.

ಕೇಳಿಸಿಕೊಳ್ಳೋದನ್ನಂತೂ ಮುಟ್ಟಲೇ ಇಲ್ಲ. ನೋಟ್ಸಿನ ತುಂಬ ಬರೀ ಪ್ರಶ್ನೆಗಳು, ಉತ್ತರ ಒಂದೂ ಇಲ್ಲ. ‘ದೋಂದೆ ಎಸ್ತಾ ಎಲ್ ಬಾನ್ಯೊ’ ಅಂತ ಬಾತ್‌ರೂಮ್ ಎಲ್ಲಿ ಅಂತ ಯಾರು ಬೇಕಾದರೂ ಕೇಳಬಹುದು. ಅವರು ಹೇಳೋದು ಅರ್ಥವಾಗಬೇಕಲ್ಲ? ಮೆಕ್ಸಿಕೊದಲ್ಲಿ ‘ದೆರೇಚೊ’ ಅಂದರೆ ನೇರಕ್ಕೆ, ‘ಅ ಲಾ ದೆರೇಚಾ’ ಅಂದರೆ ಬಲಕ್ಕೆ. ಕೊನೆಯ ಸ್ವರ ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಬೇರೆ ಬೀದಿಗೆ ಹೋಗುತ್ತೀರಿ. ಬೆಲೆಯಲ್ಲಿ ಸೆಸೆಂತಾ 60, ಸೆತೆಂತಾ 70. ವೇಗವಾಗಿ ಹೇಳಿದಾಗ ಇವೆರಡೇ ಕೈ ಕೊಡೋದು. 500ಕ್ಕೆ ಕಿನ್ಯೇಂತೊಸ್, ಅದು ಐದರ ಲೆಕ್ಕಕ್ಕೆ ಸಿಗೋದಿಲ್ಲ, ಬೇರೆಯಾಗೇ ಕಲಿಯಬೇಕು. ಇದು ಯಾವುದನ್ನೂ ಒಮ್ಮೆಯೂ ಕೇಳಿಸಲಿಲ್ಲ.

ಕೊನೆಗೆ ‘ಡೆಲೆ ಸಮಾನ ಸರ್ಟಿಫಿಕೇಟ್’ ಅಂತ ಒಂದು ಬಣ್ಣದ ಕಾಗದ. ಡೆಲೆ ಅನ್ನೋದು ಸ್ಪ್ಯಾನಿಷ್ ಎಷ್ಟು ಬರುತ್ತೆ ಅಂತ ಅಳೆಯೋ ಅಧಿಕೃತ ಪರೀಕ್ಷೆ, ನಡೆಸೋದು ಸ್ಪೇನಿನ ಸೆರ್ವಾಂತೆಸ್ ಸಂಸ್ಥೆ, ಅದಕ್ಕೆ ಸಮಾನ ಅಂತ ಯಾರೋ ಮನೆಯಲ್ಲಿ ಪ್ರಿಂಟ್ ಮಾಡಿ ಕೊಡೋಕಾಗಲ್ಲ. ಪ್ರವಾಸಕ್ಕೆ ಹೋಗೋರಿಗೆ ಅದು ಬೇಕಾಗಿಯೂ ಇಲ್ಲ.

ರಿವ್ಯೂನಲ್ಲಿ ಇದನ್ನೆಲ್ಲ ಬರೆದ ಮೇಲೆ ಮಾತ್ರ ಫೋನ್ ಬಂತು. ಅಷ್ಟು ದಿನ ಬರೀ ಮೆಸೇಜು. ‘ರಿವ್ಯೂ ತೆಗೆದರೆ ಅರ್ಧ ಹಣ ವಾಪಸ್ ಮಾಡ್ತೀವಿ ಸರ್.’ ನಿಯಮದಲ್ಲಿ ಇಲ್ಲದ ವಾಪಸ್ಸು ಆಗ ಎಲ್ಲಿಂದ ಬಂತು? ಬೇಡ ಅಂದದ್ದಕ್ಕೆ ‘ನಿಮಗೆ ಕಲಿಯೋ ಮನಸ್ಸೇ ಇಲ್ಲ’ ಅಂತ ಉಪದೇಶ ಬೇರೆ. ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟಾಗ ಅವರು ಕೇಳಿದ್ದು ಜಾಹೀರಾತಿನ ಸ್ಕ್ರೀನ್‌ಶಾಟ್. ಅಷ್ಟರಲ್ಲಿ ಜಾಹೀರಾತು ಬದಲಾಗಿತ್ತು, ‘ಪ್ರತ್ಯೇಕ’ ಅನ್ನೋ ಪದವೇ ಮಾಯ.

ಆದ್ದರಿಂದ ಕಟ್ಟೋ ಮೊದಲೇ ಜಾಹೀರಾತು, ನಿಯಮ ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ನಿಯಮ ತೋರಿಸದಿದ್ದರೆ ಅಲ್ಲಿಗೇ ಬಿಡಿ. ಇಡೀ ಕೋರ್ಸಿಗೆ ಒಟ್ಟಿಗೆ ಕಟ್ಟಬೇಡಿ, ಒಂದೊಂದು ಕ್ಲಾಸಿಗೆ ಹಣ ತೆಗೆದುಕೊಳ್ಳೋ ಶಿಕ್ಷಕರು ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತಾರೆ, ನೀವು ಹೋಗೋ ದೇಶದವರನ್ನೇ ಹುಡುಕಿ. ಡೆಮೊ ಮಾಡಿದವರೇ ಪಾಠ ಮಾಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ‘ಸಾಮಾನ್ಯವಾಗಿ ಹೌದು’ ಅಂದರೆ ಇಲ್ಲ ಅಂತ ಅರ್ಥ.

ಈಗಾಗಲೇ ಈ ನೋಟ್ಸ್ ಕೈಯಲ್ಲಿದ್ದು ಮೆಕ್ಸಿಕೊಗೆ ಹೊರಟಿದ್ದರೆ ಊಟದ ಪುಟವನ್ನಾದರೂ ಹರಿದುಹಾಕಿ. ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ ಅಂತಲೇ, ಆದರೆ ಕೋಳಿ, ಮೀನು ಅದರಲ್ಲಿ ಸೇರಿಲ್ಲ ಅಂದುಕೊಳ್ಳೋರು ಅಲ್ಲಿ ಬಹಳ. ಹಾಗಾಗಿ ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಂತೇಕಾ’ ಅಂತ ಪೂರ್ತಿ ಹೇಳಿ. ಅನ್ನ ತೆಗೆದುಕೊಳ್ಳೋವಾಗ ‘ತ್ಯೇನೆ ಕಾಲ್ದೊ ದೆ ಪೋಯೊ?’ ಅಂತ ಕೇಳಿ, ಕೋಳಿ ಸಾರಿನಲ್ಲಿ ಬೇಯಿಸೋದುಂಟು. ಕಡಲೆಕಾಯಿ ಅಲರ್ಜಿ ಇದ್ದರೆ ಗಂಡಸರು ‘ಸೋಯ್ ಅಲೇರ್ಹಿಕೊ ಅಲ್ ಕಕವಾತೆ’, ಹೆಂಗಸರು ‘ಅಲೇರ್ಹಿಕಾ’. ಬಾಯಲ್ಲಿ ಹೇಳೋದರ ಜೊತೆ ಸ್ಪ್ಯಾನಿಷ್ ಲಿಪಿಯಲ್ಲಿ ಬರೆದ ಚೀಟಿಯನ್ನೂ ತೋರಿಸಿ, ಆ ಚೀಟಿಯನ್ನು ಈ ಕೋರ್ಸಿನವರ ಕೈಯಲ್ಲಿ ಮಾತ್ರ ಬರೆಸಬೇಡಿ.