ಮೂಡುಬಿದಿರೆಯ ಬಸದಿಯೋ, ಕಾರ್ಕಳದ ಗೊಮ್ಮಟನೋ?

ಮಂಗಳೂರಿನ ನಮ್ಮ ಮನೆಗೆ ನೆಂಟರು ಬಂದರೆ ಮೊದಲ ದಿನ ಸಮುದ್ರ ತೀರದಲ್ಲೇ ಕಳೆದುಹೋಗುತ್ತದೆ. ಎರಡನೆಯ ದಿನ ಬೆಳಿಗ್ಗೆ ನೀರುದೋಸೆ ತಿನ್ನುವ ಹೊತ್ತಿಗೆ, ಹಳೆಯ ಕಾಲದ್ದು ಏನಾದರೂ ತೋರಿಸು ಎಂದು ಕೇಳುತ್ತಾರೆ. ಆಗ ನನ್ನ ತಲೆಯಲ್ಲಿ ಬರುವುದು ಎರಡೇ ಹೆಸರು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಾರ್ಕಳದ ಬಸ್ಸು ಹತ್ತಿದರೆ ಸುಮಾರು 35 ಕಿ.ಮೀ.ಗೆ ಮೂಡುಬಿದಿರೆ; ಇಳಿಯದೆ ಕೂತರೆ ಇನ್ನರ್ಧ ಗಂಟೆಯಲ್ಲಿ ಕಾರ್ಕಳ. ದಾರಿ ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ. ಮೂಡುಬಿದಿರೆಯ ಸಾವಿರ ಕಂಬದ ಜೈನ ಬಸದಿ 1430ರದ್ದು, ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ.

ಹಾಗಾದರೆ ಎರಡನ್ನೂ ಒಂದೇ ದಿನ ಮುಗಿಸಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಪುಣೆಯಿಂದ ಬಂದ ಭಾವನನ್ನು ಕರೆದುಕೊಂಡು ನಾನು ಹಾಗೆಯೇ ಮಾಡಿದೆ. ಮೂಡುಬಿದಿರೆಯಲ್ಲಿ ಮುಕ್ಕಾಲು ಗಂಟೆ ಓಡಾಡಿಸಿ, ಏಪ್ರಿಲ್ ತಿಂಗಳ ಹನ್ನೆರಡು ಗಂಟೆಯ ಬಿಸಿಲಿಗೆ ಕಾರ್ಕಳದ ಬೆಟ್ಟ ಹತ್ತಿಸಿದೆ. ಮೇಲೆ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಪಾದ ಚುರುಗುಟ್ಟಿತು. ಭಾವ ನೆರಳು ಹುಡುಕಿಕೊಂಡು ಗೋಡೆ ಬದಿಗೆ ಓಡಿದರು. 42 ಅಡಿ ಎತ್ತರದ ಮೂರ್ತಿಯ ಮುಖವನ್ನು ಅವರು ಸರಿಯಾಗಿ ನೋಡಲೇ ಇಲ್ಲ. ಆ ದಿನದಿಂದ ಎರಡನ್ನೂ ಬೇರೆ ಬೇರೆ ದಿನ ನೋಡುವುದೆಂದು ನಿಶ್ಚಯ ಮಾಡಿಕೊಂಡೆ. ಆಮೇಲೆ ಹುಬ್ಬಳ್ಳಿಯ ಚಿಕ್ಕಮ್ಮನ ಜೊತೆ ಒಮ್ಮೆ, ಒಂಬತ್ತು ವರ್ಷದ ಮಗಳ ಜೊತೆ ಒಮ್ಮೆ, ಒಬ್ಬಳೇ ಒಮ್ಮೆ, ಹೀಗೆ ಎರಡೂ ಕಡೆ ಹೋಗಿ ಬಂದಿದ್ದೇನೆ.

ಗೊಮ್ಮಟನಿಗೆ ವಿವರಣೆ ಬೇಡ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಸಾಕು, ಎದುರಿಗೆ ನಿಂತಿರುತ್ತಾನೆ. ಮಗಳು ತಲೆ ಎತ್ತಿ ನೋಡುತ್ತಾ ನೋಡುತ್ತಾ ಹಿಂದಕ್ಕೆ ನಡೆದಳು, ಬೆನ್ನಿಗೆ ಗೋಡೆ ತಾಗುವವರೆಗೂ. ಆಮೇಲೆ ಒಂದೇ ಪ್ರಶ್ನೆ: "ಅಮ್ಮಾ, ಇಷ್ಟು ದೊಡ್ಡದನ್ನು ಮೇಲೆ ತಂದದ್ದು ಹೇಗೆ?" ಶ್ರವಣಬೆಳಗೊಳದ್ದನ್ನು ಬೆಟ್ಟದ ತಲೆಯಲ್ಲೇ ಇದ್ದ ಬಂಡೆಯಲ್ಲಿ ಕೆತ್ತಿದರು, ಕಾರ್ಕಳದ್ದನ್ನು ಬೇರೆ ಕಡೆ ಕೆತ್ತಿ ಬೆಟ್ಟಕ್ಕೆ ಏರಿಸಿದರು ಎನ್ನುತ್ತಾರೆ. ಭೈರವರಸರ ವಂಶದ ವೀರಪಾಂಡ್ಯ ಇದನ್ನು ನಿಲ್ಲಿಸಿದ. ಕ್ರೇನ್ ಇಲ್ಲದ ಕಾಲದಲ್ಲಿ ಇಷ್ಟು ಭಾರದ ಕಲ್ಲನ್ನು ಈ ನುಣ್ಣಗಿನ ಬಂಡೆಯ ಮೇಲೆ ಎಳೆದು ತಂದ ಜನರ ಕೈ, ಹೆಗಲುಗಳನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಕ್ಕಳಿದ್ದರೆ ಕಾರ್ಕಳಕ್ಕೇ ಹೋಗಿ. ಆದರೆ ಬೆಳಿಗ್ಗೆ ಒಂಬತ್ತರ ಒಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಹುಷಾರು.

ಮೂಡುಬಿದಿರೆ ಹೀಗೆ ಮೊದಲ ನೋಟಕ್ಕೇ ಸಿಗುವುದಿಲ್ಲ. ಬಾಗಿಲು ದಾಟಿ, ಮಾನಸ್ತಂಭವೆಂಬ ಎತ್ತರದ ಕಲ್ಲುಕಂಬ ದಾಟಿ ಬಸದಿಯ ಎದುರು ನಿಂತಾಗ ಚಿಕ್ಕಮ್ಮ ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿ ಹೇಳಿದರು: "ಇದು ಗುಡಿ ಹಂಗಿಲ್ಲವ್ವ, ದೊಡ್ಡ ಮನಿ ಹಂಗದ." ನಾನು ಹತ್ತಾರು ಬಾರಿ ನೋಡಿಯೂ ಹೇಳಲಾಗದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಬಾದಾಮಿ, ಪಟ್ಟದಕಲ್ಲು ನೋಡಿದ ಕಣ್ಣು ಅವರದ್ದು. ಅಲ್ಲಿನ ಗುಡಿಗಳ ಹಾಗೆ ಇಲ್ಲಿ ಶಿಖರವಿಲ್ಲ. ಇರುವುದು ಇಳಿಜಾರು ಮಾಡು, ಅಂದರೆ ಛಾವಣಿ, ಒಂದರ ಮೇಲೊಂದು. ಕೆಳಗಿನ ಮಾಡಿಗೆ ಕಲ್ಲಿನ ಚಪ್ಪಡಿಯನ್ನೇ ಹಲಗೆಯ ಹಾಗೆ ಓರೆಯಾಗಿ ಹೊದಿಸಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ನಮ್ಮ ಮಳೆಗೆ ಬೇರೆ ಯಾವ ಮಾಡೂ ನಿಲ್ಲುವುದಿಲ್ಲ. ಮರದಲ್ಲಿ ಮನೆ ಕಟ್ಟಿ ಪಳಗಿದವರು ಅದೇ ಬುದ್ಧಿಯನ್ನು ಕಲ್ಲಿಗೆ ಇಳಿಸಿದ್ದಾರೆ. ನೋಡಿದವರು ನೇಪಾಳದ ಕಟ್ಟಡದ ಹಾಗಿದೆ ಎನ್ನುತ್ತಾರೆ. ನನಗೆ ಅದರಲ್ಲಿ ಕಾಣುವುದು ಊರಿನ ಹಿರಿಯ ಮನೆತನದವರ ದೊಡ್ಡ ಮನೆ, ನಮ್ಮ ಗುತ್ತಿನ ಮನೆಯೇ.

ಒಳಗಿನ ಕಂಬಗಳನ್ನು ಎಣಿಸಲು ಹೋಗಬೇಡಿ, ಒಂದೊಂದರ ಹತ್ತಿರವೂ ನಿಲ್ಲಿ. ಪಕ್ಕದ ಕಂಬದಲ್ಲಿ ಇಲ್ಲದ ಬಳ್ಳಿಯೋ ಗಂಟೋ ಇದರಲ್ಲಿ ಇರುತ್ತದೆ. ಒಳಕ್ಕೆ ಹೋದಷ್ಟೂ ಕತ್ತಲು, ತಂಪು. ಆ ಕತ್ತಲಿನ ಕೊನೆಯಲ್ಲಿ ದೀಪದ ಬೆಳಕಿಗೆ ಚಂದ್ರನಾಥ ಸ್ವಾಮಿಯ ಲೋಹದ ಮೂರ್ತಿ ನಿಧಾನಕ್ಕೆ ಕಣ್ಣಿಗೆ ಕೂರುತ್ತದೆ. ಚಿಕ್ಕಮ್ಮನಿಗೆ ಮೊಣಕಾಲು ನೋವು, ಅಲ್ಲೇ ಕಟ್ಟೆಯ ಮೇಲೆ ಒಂದು ಗಂಟೆ ಕೂತರು. ನಾನು ಎಬ್ಬಿಸಲಿಲ್ಲ.

ಇನ್ನು ಜಿರಾಫೆಯ ವಿಷಯ. ಮುಂದಿನ ಭೈರಾದೇವಿ ಮಂಟಪದ ಅಡಿಗಟ್ಟಿನ ಪಟ್ಟಿಯಲ್ಲಿ, ಬಗ್ಗಿ ನೋಡಿದರೆ, ಉದ್ದ ಕತ್ತಿನ ಜಿರಾಫೆ ಒಂದಿದೆ, ಚೀನಾದ ಡ್ರ್ಯಾಗನ್ನೂ ಇದೆ. ಈ ಕರಾವಳಿಯ ಬಂದರುಗಳಿಗೆ ಅರಬ್ಬರ, ಚೀನೀಯರ ಹಡಗುಗಳು ಬರುತ್ತಿದ್ದ ಕಾಲವದು. ಇಲ್ಲಿಯ ಶಿಲ್ಪಿ ಆ ಪ್ರಾಣಿಯನ್ನು ಕಣ್ಣಾರೆ ಕಂಡನೋ, ನಾವಿಕರ ಬಾಯಿಂದ ಕೇಳಿದನೋ, ಒಟ್ಟಿನಲ್ಲಿ ಪ್ರಪಂಚದ ಸುದ್ದಿ ಮೂಡುಬಿದಿರೆಗೆ ಮುಟ್ಟಿತ್ತು. ಮೊದಲ ಮೂರು ಬಾರಿ ನನಗೆ ಅದು ಕಾಣಲೇ ಇಲ್ಲ. ಅಲ್ಲಿ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಪೊರಕೆಯ ತುದಿಯಿಂದ ತೋರಿಸಿಕೊಟ್ಟರು.

ಮೂಡುಬಿದಿರೆಯಲ್ಲಿ ಇದೊಂದೇ ಅಲ್ಲ, ಹದಿನೆಂಟು ಬಸದಿಗಳಿವೆ. ಗುರುಬಸದಿಯಲ್ಲಿ ಜೈನರ ಪವಿತ್ರ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ಉಳ್ಳಾಲದ ರಾಣಿ ಅಬ್ಬಕ್ಕನ ವಂಶದವರಾದ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರಿ ಕುಂಜರ ಇದೆ: ಒಂಬತ್ತು ಹೆಂಗಸರು ಸೇರಿ ಆದ ಆನೆ. ಇನ್ನೊಂದರಲ್ಲಿ ಐದು ಹೆಂಗಸರು ಸೇರಿ ಆದ ಕುದುರೆ. ಅದು ಇವತ್ತಿಗೂ ಜನ ಇರುವ ಮನೆ. ಕೇಳಿಕೊಂಡು, ಅವರ ಹೊತ್ತು ನೋಡಿಕೊಂಡು ಹೋಗಬೇಕು.

ಹಾಗಾದರೆ ಕಾರ್ಕಳ ಸೋತಿತೇ? ಗೊಮ್ಮಟ ಒಬ್ಬನೇ ಆಗಿದ್ದರೆ ನನ್ನ ಮಟ್ಟಿಗೆ ಸೋಲುತ್ತಿತ್ತು. ಅವನಿಗೆ ಹಿರಿಯಣ್ಣ ಶ್ರವಣಬೆಳಗೊಳದಲ್ಲಿದ್ದಾನೆ, ಚಿಕ್ಕ ತಮ್ಮ ವೇಣೂರಿನಲ್ಲಿದ್ದಾನೆ. ಸಾವಿರ ಕಂಬದ ಬಸದಿಯಂಥದ್ದು ಮಾತ್ರ ಕರಾವಳಿ ಬಿಟ್ಟು ಬೇರೆಲ್ಲೂ ಹುಟ್ಟಲು ಸಾಧ್ಯವಿರಲಿಲ್ಲ. ಆದರೆ ಗೊಮ್ಮಟ ಬೆಟ್ಟ ಇಳಿದವರು ನೇರ ಬಸ್‌ಸ್ಟ್ಯಾಂಡಿಗೆ ನಡೆದುಬಿಡುತ್ತಾರೆ; ಎದುರಿನ ಸಣ್ಣ ಬಂಡೆಗುಡ್ಡದ ಮೇಲಿರುವ ಚತುರ್ಮುಖ ಬಸದಿಯನ್ನು ಬಿಟ್ಟೇಬಿಡುತ್ತಾರೆ. ಅದು ನನಗೆ ತುಂಬಾ ಬೇಸರದ ಸಂಗತಿ. 1586ರಲ್ಲಿ ಇಮ್ಮಡಿ ಭೈರವ ಕಟ್ಟಿಸಿದ್ದು. 108 ಕಂಬ, ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಎದುರಾಗುತ್ತಾರೆ. ಮೂಡುಬಿದಿರೆಯ ಅಲಂಕಾರ ಇಲ್ಲಿಲ್ಲ. ಅಳತೆಯ ಚೆಲುವೊಂದೇ.

ಮಳೆ ಜೋರಿದ್ದು ಊರು ಬಿಟ್ಟು ಹೋಗಲಾಗದ ದಿನ ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್ ಇದ್ದೇ ಇದೆ. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಇಲ್ಲಿಗೆ ಬಂದು ಗೋಡೆಯ ಹಸಿ ಗಾರೆಯ ಮೇಲೂ ಮಾಡಿನ ಕ್ಯಾನ್‌ವಾಸ್ ಮೇಲೂ ಬರೆದ ಚಿತ್ರಗಳು ಚಂದ. ಅರ್ಧ ದಿನಕ್ಕೆ ಅದು ಸಾಕು.

ಡಿಸೆಂಬರಿನಲ್ಲಿ ಚಿಕ್ಕಮ್ಮ ಮತ್ತೆ ಬರುತ್ತಾರಂತೆ. ಫೋನಿನಲ್ಲೇ ಹೇಳಿದ್ದಾರೆ, ಆ ಮನೆಯ ಹಾಗಿರುವ ಗುಡಿಗೆ ಇನ್ನೊಮ್ಮೆ ಹೋಗಬೇಕೆಂದು. ಮಗಳಿಗೆ ಕಾರ್ಕಳವೇ ಬೇಕು. ಒಂದು ದಿನ ಅವರಿಗೆ, ಒಂದು ಸಂಜೆ ಇವಳಿಗೆ. ಈ ಬಾರಿ ಅವಳನ್ನು ಮೊದಲು ಚತುರ್ಮುಖ ಬಸದಿಯ ಜಗಲಿಯಲ್ಲಿ ಕೂರಿಸುತ್ತೇನೆ. ಅಲ್ಲಿಂದ ನೋಡಿದರೆ ಎದುರು ಬೆಟ್ಟದ ಗೋಡೆಯ ಮೇಲೆ ಗೊಮ್ಮಟನ ಹೆಗಲು, ತಲೆ ಮಾತ್ರ ಕಾಣುತ್ತದೆ.